ತವರೂರು, ಲೋಪಸಂಧಿ

ಕೂಡಿಸುವ ಚಿಹ್ನೆ ಹಾಕಿದರೆ ಎರಡು ಕೂಡುತ್ತವೆ ಎಂದು ಒಂದನೇ ಇಯತ್ತೆಯಿಂದ ನಂಬಿಕೊಂಡು ಬಂದವಳು ನಾನು. ನಮ್ಮ ಬಾನುಲಿ ಕೇಂದ್ರದ ಕಂಪ್ಯೂಟರಿಗೆ ಬರೆದ ಮೊದಲ ಕೋಡಿನಲ್ಲೂ ಅದೇ ನಂಬಿಕೆಯ ಮೇಲೆ, ‘ತವರು’ ಎಂಬ ಫೋಲ್ಡರಿನ ಹೆಸರಿಗೆ ಊರಿನ ಹೆಸರನ್ನು ಪ್ಲಸ್ ಹಾಕಿ ಜೋಡಿಸಿದೆ. ಓಡಿಸಿ ನೋಡಿದರೆ ಪರದೆಯ ಮೇಲೆ ‘ತವರುಯರಗುಪ್ಪಿ’ ಎಂಬ ಊರು ಹುಟ್ಟಿಕೊಂಡಿತ್ತು. ಯರಗುಪ್ಪಿ ನನ್ನ ತವರೂರು, ಕುಂದಗೋಳ ತಾಲೂಕಿನಲ್ಲಿದೆ. ಅಲ್ಲಿ ಹುಟ್ಟಿ ಬೆಳೆದ ನನಗೂ ಈ ಹೊಸ ಊರಿನ ಪರಿಚಯ ಇರಲಿಲ್ಲ.

ನವಲಗುಂದದ ಬಸ್ ಸ್ಟ್ಯಾಂಡಿನ ಹಿಂದುಗಡೆ ಎರಡು ಖೋಲಿಗಳಲ್ಲಿ ನಮ್ಮ ಪುಟ್ಟ ಬಾನುಲಿ. ಒಂದು ಖೋಲಿಯ ಗೋಡೆಗೆ ಸದ್ದು ತಡೆಯಲೆಂದು ಹಳೆಯ ಜಮಖಾನೆಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದೇವೆ, ಅದೇ ಸ್ಟುಡಿಯೊ. ಮೈಕಿನ ಮುಂದೆ ಕೂಡುವವರು ನಿವೃತ್ತ ಕನ್ನಡ ಮಾಸ್ತರು. ರೆಕಾರ್ಡರು, ಲ್ಯಾಪ್‌ಟಾಪು ಹಿಡಿದು ಹಳ್ಳಿ ಹಳ್ಳಿ ತಿರುಗಿ ಜನರ ಮಾತು ತರುವವಳು ನನ್ನ ಜೊತೆಗಾತಿ. ಉಳಿದದ್ದೆಲ್ಲ, ಅಂದರೆ ವೈರು, ಕಂಪ್ಯೂಟರು, ಕೋಡು, ಕರೆಂಟು ಹೋದಾಗ ಬೈಸಿಕೊಳ್ಳುವುದು, ನನ್ನ ಪಾಲು. ಗಾಳಿಯಲ್ಲಿ ನಮ್ಮ ದನಿ ಸುತ್ತಲಿನ ಹಳ್ಳಿಗಳ ತನಕ ಮಾತ್ರ ಹೋಗುತ್ತದೆ. ಅದರಾಚೆಗಿನವರು ಫೋನಿನಲ್ಲಿ ಕೇಳುತ್ತಾರೆ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಮಾಸ್ತರು ಒಂದು ಹೊಸ ಕಾರ್ಯಕ್ರಮ ಶುರುಮಾಡೋಣ ಎಂದರು. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡಿ ಬರುವ ಹಬ್ಬ. ಆದರೆ ಸುಮ್ಮನೆ ಚೀಲ ಹಿಡಿದುಕೊಂಡು ಹೋಗುವ ಹಾಗಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಕರೆ ಬಾರದವರು, ಕರೆ ಬಂದರೂ ಹೋಗಲು ಆಗದವರು ತವರಿಗೆ ಒಂದು ಮಾತು ಹೇಳಲಿ, ಬೇಕಾದರೆ ಒಂದು ಹಾಡು ಹಾಡಲಿ, ದಿನಾ ಮಧ್ಯಾಹ್ನ ಒಂದೊಂದು ಊರಿನ ಹೆಣ್ಣುಮಕ್ಕಳದು ಹಾಕೋಣ ಎಂಬುದು ಮಾಸ್ತರ ಯೋಚನೆ. ‘ತವರಿಗೊಂದು ಮಾತು’ ಎಂದು ಹೆಸರಿಟ್ಟೆವು. ಬಂದ ದನಿಗಳನ್ನೆಲ್ಲ ಊರುವಾರು ಫೋಲ್ಡರಿಗೆ ಸೇರಿಸಿ, ಆಯಾ ದಿನ ಆಯಾ ಊರಿನದನ್ನು ತಾನೇ ನುಡಿಸುವ ಕೋಡು ಬರೆಯುವುದು ನನ್ನ ತಲೆಗೆ ಬಂತು.

ಈ ಕೆಲಸವನ್ನು ನಾನು ಸುಮ್ಮನೆ ಕೆಲಸ ಅಂತ ಮಾಡಲಿಲ್ಲ. ಅವ್ವ ತೀರಿಕೊಂಡ ಮೇಲೆ ನಮ್ಮಣ್ಣ ನನ್ನನ್ನು ಕರೆಯಲು ಬರುವುದನ್ನು ಬಿಟ್ಟಿದ್ದ. ಜಗಳವೇನೂ ಇಲ್ಲ. ಮೊದಲ ವರ್ಷ ಸೂತಕ ಅಂದ, ಮರುವರ್ಷ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಗಡಿಬಿಡಿ ಅಂದ, ಆಮೇಲೆ ಏನೂ ಅನ್ನಲಿಲ್ಲ. ಪಂಚಮಿ ಬಂದರೆ ನಾನು ಗಂಡನ ಮನೆಯಲ್ಲಿ ನಾದಿನಿ ಬರುತ್ತಾಳೆಂದು ಶೇಂಗಾ ಹುರಿದು ಉಂಡಿ ಕಟ್ಟುತ್ತ ಕೂಡುತ್ತೇನೆ. ಯರಗುಪ್ಪಿಯ ಬಸ್ಸಿನ ಬೋರ್ಡು ಕಂಡರೆ ಈಗಲೂ ನನ್ನ ಕಾಲು ಆ ಕಡೆ ಎಳೆಯುತ್ತದೆ. ಹೋಗುವುದೇನು ದೊಡ್ಡ ಮಾತಲ್ಲ, ಆದರೆ ಕರೆಯದೆ ಹೋಗಿ ಹೊಸ್ತಿಲಲ್ಲಿ ನಿಂತರೆ ಅತ್ತಿಗೆಯ ಮುಖದಲ್ಲಿ ಏನು ಕಾಣುತ್ತದೋ ಎಂಬ ಅಂಜಿಕೆ.

ಇರಲಿ. ‘ತವರುಯರಗುಪ್ಪಿ’ಯನ್ನು ನೋಡಿ ಮಾಸ್ತರು ಮನಸಾರೆ ನಕ್ಕರು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ಚಟ, ಬಿಡಬೇಕಲ್ಲ. “ಇಲ್ಲಿ ಆಗಮಸಂಧಿ ಆಗಬೇಕವ್ವಾ,” ಅಂದರು. “ಮನೆ, ಅಲ್ಲಿ. ನಡುವ ‘ಯ’ ಬಂದ್ರ ‘ಮನೆಯಲ್ಲಿ’. ನಿನ್ನ ಮಷೀನಿಗೆ ನಡುವ ಬರಾಕ ಯಾರೂ ಇಲ್ಲೇನು?”

ಇದ್ದಾರೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಫೈಲು ಎಂದು ದಾರಿ ಹೇಳುವಾಗ ಕಂಪ್ಯೂಟರಿಗೆ ನಡುನಡುವೆ ಒಂದು ಓರೆಗೀಟು ಬೇಕು, ಸ್ಲ್ಯಾಶ್ ಅನ್ನುತ್ತಾರಲ್ಲ, ಅದು. ಆ ಗೀಟನ್ನು ಕೈಯಾರೆ ಹಾಕಲು ಹೋದರೆ ಒಂದು ಕಡೆ ಮರೆಯುತ್ತದೆ, ಇನ್ನೊಂದು ಕಡೆ ಎರಡೆರಡು ಬೀಳುತ್ತದೆ. ನಾನು ಬರೆಯುವ ಪೈಥಾನ್ ಭಾಷೆಯಲ್ಲಿ ಇದಕ್ಕೆಂದೇ ಜಾಯಿನ್ ಎಂಬ ಸಿದ್ಧ ಅಪ್ಪಣೆ ಇದೆ. ದಾರಿಯ ತುಂಡುಗಳನ್ನು ಒಂದೊಂದಾಗಿ ಅದರ ಕೈಗೆ ಕೊಟ್ಟರೆ, ಗೀಟು ಇಲ್ಲದ ಕಡೆ ತಾನೇ ಹಾಕುತ್ತದೆ, ಇದ್ದ ಕಡೆ ಸುಮ್ಮನಿರುತ್ತದೆ. ಪ್ಲಸ್ ಅಳಿಸಿ ಜಾಯಿನ್ ಹಾಕಿದೆ. ‘ತವರು/ಯರಗುಪ್ಪಿ’ ಎಂದು ನನ್ನೂರು ಬೇರೆಯಾಗಿ ನಿಂತಿತು.

ಎರಡನೇ ತೊಡಕು ಜೊತೆಗಾತಿಯ ಲ್ಯಾಪ್‌ಟಾಪಿನಿಂದ ಬಂತು. ಅವಳದು ವಿಂಡೋಸ್, ಅಲ್ಲಿ ದಾರಿಯ ಗೀಟುಗಳು ಹಿಂದಕ್ಕೆ ವಾಲಿರುತ್ತವೆ. ಸ್ಟುಡಿಯೊದ ಕಂಪ್ಯೂಟರಿನಲ್ಲಿರುವುದು ಲಿನಕ್ಸ್, ಅದಕ್ಕೆ ಮುಂದಕ್ಕೆ ವಾಲಿದ ಗೀಟು ಮಾತ್ರ ಗೀಟು. ಹಿಂದಕ್ಕೆ ವಾಲಿದ್ದನ್ನು ಅದು ಬರೀ ಒಂದು ಅಕ್ಷರ ಎಂದುಕೊಂಡು, ಇಡೀ ದಾರಿಯನ್ನೇ ಒಂದು ಉದ್ದನೆಯ ಹೆಸರು ಮಾಡಿ ಕೂಡಿಸಿತು. ಅಂಥ ಹೆಸರಿನ ಫೈಲು ಎಲ್ಲೂ ಇಲ್ಲ ಎಂದು ನನ್ನ ಮೇಲೆಯೇ ರೇಗಿತು. ಅರ್ಧ ದಿನ ತಿಣುಕಾಡಿ, ಹಿಂದಿನ ಗೀಟು ಕಂಡಲ್ಲೆಲ್ಲ ಮುಂದಿನ ಗೀಟು ಹಾಕು ಎಂದು ಒಂದು ಸಾಲು ಬರೆದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ ಎಂದು ನಾನೇ ಮಾಸ್ತರಿಗೆ ಹೇಳಿದೆ. ಅವರು ಖುಷಿಯಾಗಿ, ಆದೇಶಸಂಧಿ ಎಂದು ಚಹಾ ತರಿಸಿದರು.

ಇನ್ನು ಜೊತೆಗಾತಿಯ ಬರೆಯುವ ರೂಢಿ. ರೆಕಾರ್ಡು ಮಾಡಿದ ಪ್ರತಿಯೊಬ್ಬ ಹೆಣ್ಣುಮಗಳ ಹೆಸರಿನ ಮುಂದೆ ಅವಳು ಊರು ಬರೆಯಬೇಕಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಊರು ಎರಡು. ಹಾಗಾಗಿ ಅವಳು ಮೊದಲು ತವರೂರು, ನಡುವೆ ಒಂದು ಓರೆಗೀಟು, ಆಮೇಲೆ ಗಂಡನ ಊರು ಹೀಗೆ ಬರೆಯುತ್ತಿದ್ದಳು. ನನ್ನದಾದರೆ ‘ಯರಗುಪ್ಪಿ/ನವಲಗುಂದ’. ಅವಳಿಗೆ ಅದು ಬರೀ ಎರಡರ ನಡುವಿನ ಗೆರೆ. ಕಂಪ್ಯೂಟರಿಗೆ ಮಾತ್ರ ಅದು ಇದರೊಳಗೆ ಅದು ಎಂದರ್ಥ. ಯರಗುಪ್ಪಿಯ ಫೋಲ್ಡರು ತೆರೆದರೆ ಅದರ ಹೊಟ್ಟೆಯಲ್ಲಿ ನವಲಗುಂದ, ಹೆಬ್ಬಾಗಿಲ ಸಮೇತ! ಭೂಗೋಳದ ಲೆಕ್ಕದಲ್ಲಿ ಶುದ್ಧ ತಪ್ಪು, ಹೆಣ್ಣುಮಕ್ಕಳ ಲೆಕ್ಕದಲ್ಲಿ ಅಗದಿ ಸರಿ. ತವರಿನ ಪ್ರಕಾರ ದನಿಗಳು ತಾವೇ ವಿಂಗಡವಾಗುತ್ತಿದ್ದವಾದ್ದರಿಂದ ನಾನು ಆ ಗೀಟಿನ ಸುದ್ದಿಗೇ ಹೋಗಲಿಲ್ಲ.

ಕಾರ್ಯಕ್ರಮ ಜನಕ್ಕೆ ಹಿಡಿಸಿತು. ಹೊಲದಲ್ಲಿ ಕಸ ತೆಗೆಯುವವರು ಸೆರಗಿನ ಗಂಟಿನಲ್ಲಿ ಫೋನು ಕಟ್ಟಿಕೊಂಡು ಕೇಳುತ್ತಿದ್ದರು. ಒಬ್ಬಳು ಅಣ್ಣನಿಗೆ ಎಮ್ಮೆ ಈದಿತೋ ಇಲ್ಲವೋ ಎಂದು ಕೇಳಿದಳು. ಇನ್ನೊಬ್ಬಳು ಏನೂ ಹೇಳದೆ ಅತ್ತು, ಮೂಗು ಒರೆಸಿಕೊಂಡು, ಸಾಕು ತಗೀರಿ ಅಂದಳು. ಅದನ್ನೂ ಹಾಕಿದೆವು. ಯರಗುಪ್ಪಿಯ ಸರದಿಗೆ ನನ್ನದೂ ಒಂದು ಮಾತು ಇಟ್ಟಿದ್ದೆ. ಅಣ್ಣಾ, ಅವ್ವ ಹಚ್ಚಿದ ಕರಿಬೇವಿನ ಗಿಡ ಇನ್ನೂ ಇದೆಯೇ ಎಂದು ಕೇಳಿದ್ದೆ, ಅಷ್ಟೇ. ನನ್ನದೇ ದನಿ ಹೊರಗಿನ ಸ್ಪೀಕರಿನಲ್ಲಿ ಬರುವಾಗ ನಾನು ಫೋನು ಕೈಯಲ್ಲಿ ಹಿಡಿದು ನಿಂತಿದ್ದೆ. ಅಂದು ಅದು ರಿಂಗಾಗಲಿಲ್ಲ, ಮರುದಿನವೂ ರಿಂಗಾಗಲಿಲ್ಲ.

ಆ ಹೊತ್ತಿಗೆ ಸ್ಟುಡಿಯೊದ ಕಂಪ್ಯೂಟರು ನಡುನಡುವೆ ನಿಂತುಬಿಡುವ ಆಟ ಶುರುಮಾಡಿತ್ತು. ಡಿಸ್ಕ್ ಪೂರ್ತಿ ಅಳಿಸಿ ಎಲ್ಲ ಹೊಸದಾಗಿ ಹಾಕದೆ ಬೇರೆ ದಾರಿ ಇರಲಿಲ್ಲ. ‘ತವರು’ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಜೋಪಾನವಾಗಿ ನಕಲು ಮಾಡಿ, ಇನ್ನೇನು ಅಳಿಸಬೇಕು ಎಂದು ಕೂತಾಗ ಕೇಂದ್ರದ ಫೋನು ಬಂತು. ತಿರ್ಲಾಪುರದಿಂದ ಒಬ್ಬ ವಯಸ್ಸಾದ ಹೆಂಗಸು. ನನ್ನ ಹಾಡು ಯಾವತ್ತು ಬರುತ್ತದೆ ಎಂದು ಕೇಳಿದಳು. ಯಾವ ಊರಿನ ಸರದಿಯಲ್ಲಿ ಬರುತ್ತದೋ ಗೊತ್ತಿಲ್ಲದೆ ದಿನಾ ಮಧ್ಯಾಹ್ನ ಎಲ್ಲ ಊರಿನದನ್ನೂ ಕೇಳುತ್ತ ಕೂತಿದ್ದಳಂತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ ಹಾಗಿತ್ತು.

ಫೋಲ್ಡರಿನಲ್ಲಿ ಹುಡುಕಿದೆ, ಅವಳ ಹೆಸರಿನ ಫೈಲು ಇರಲಿಲ್ಲ. ನಕಲಿನಲ್ಲೂ ಇರಲಿಲ್ಲ. ಜೊತೆಗಾತಿಯನ್ನು ಕೇಳಿದರೆ, ನಾನೇ ರೆಕಾರ್ಡು ಮಾಡಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದೇನೆ ಎಂದಳು. ಲ್ಯಾಪ್‌ಟಾಪು, ರೆಕಾರ್ಡರು, ಪೆನ್‌ಡ್ರೈವು ಮೂರನ್ನೂ ಮುಂದಿನ ಹಳ್ಳಿಗಳಿಗಾಗಿ ಖಾಲಿ ಮಾಡಿಕೊಂಡಿದ್ದಳು. ಮತ್ತೊಮ್ಮೆ ಹಾಡಿಸಿದರಾಯಿತಲ್ಲ ಎಂದು ಮಾಸ್ತರು ಹಗುರಾಗಿ ಅಂದರು, ನನಗೂ ಹಾಗೆಯೇ ಅನ್ನಿಸಿತು. ತಿರುಗಿ ಫೋನು ಮಾಡಿ ಹೇಳಿದೆ.

“ಬರವಲ್ದವ್ವಾ,” ಅಂದಳು ಆಕೆ. “ನಮ್ಮವ್ವಂದು ಅದು. ನನಗ ಒಂದ ನುಡಿ ಅಷ್ಟ ಗೊತ್ತಿತ್ತು. ಅವತ್ತ ಆ ಹುಡುಗಿ ಮುಂದ ಹಾಡೂಮುಂದ ಮುಂದಿನ ನುಡಿ ತಾನ ಬಂತು, ನನಗ ಗೊತ್ತಿಲ್ದಂಗ. ಈಗ ಕುಂತ್ರೂ ಬರವಲ್ದು, ನಿಂತ್ರೂ ಬರವಲ್ದು.”

ಫೋನು ಇಟ್ಟ ಮೇಲೆ ಜೊತೆಗಾತಿ ಆಕೆಯ ಕಥೆ ಹೇಳಿದಳು. ಊರಲ್ಲೆಲ್ಲ ಆಕೆಗೆ ದೊಡ್ಡವ್ವ ಎಂದೇ ಕರೆಯುತ್ತಾರೆ. ಸಣ್ಣ ಕೂಸಾಗಿದ್ದಾಗ ಹತ್ತಿ ಬಿಡಿಸಲು ಬಂದ ಒಂದು ಗುಂಪಿನ ಜೊತೆ ಆಕೆಯ ತಾಯಿ ಆಕೆಯನ್ನು ಬಗಲಲ್ಲಿ ಹೊತ್ತುಕೊಂಡು ತಿರ್ಲಾಪುರಕ್ಕೆ ಬಂದಿದ್ದಳು. ಸುಗ್ಗಿ ಮುಗಿಯುವ ಮೊದಲೇ ತಾಯಿ ಜ್ವರ ಬಂದು ಸತ್ತಳು. ಗುಂಪು ಹೊರಟುಹೋಯಿತು, ಮತ್ತೆ ಆ ಕಡೆ ಬರಲಿಲ್ಲ. ಕೂಸನ್ನು ಊರಿನ ಒಂದು ಮನೆಯವರು ಸಾಕಿ, ಅದೇ ಊರಿನವನಿಗೆ ಕೊಟ್ಟು ಮದುವೆ ಮಾಡಿದರು. ಎಲ್ಲಿಂದ ಬಂದವರು ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಪಂಚಮಿಗೆ ಊರಿನ ಸೊಸೆಯಂದಿರು ತವರಿಗೆ ಹೋಗುವಾಗ, ಊರಿನ ಹೆಣ್ಣುಮಕ್ಕಳು ತವರಿಗೆ ಬರುವಾಗ, ದೊಡ್ಡವ್ವ ಮಾತ್ರ ಹೋಗುವವಳೂ ಅಲ್ಲ, ಬರುವವಳೂ ಅಲ್ಲ. ಹಾಡು ಬಾನುಲಿಯಲ್ಲಿ ಬಂದರೆ ಯಾವುದಾದರೂ ಊರಿನವರು ಗುರುತು ಹಿಡಿದಾರು ಎಂಬ ಆಸೆಯಿಂದ ಹಾಡಿದ್ದಳು.

ಅಳಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಕೋಡನ್ನು ಮೊದಲಿನಿಂದ ಓದತೊಡಗಿದೆ. ಫೈಲನ್ನು ಸೇರಿಸಿದಾಗಲೆಲ್ಲ ‘ಸೇರಿತು’ ಎಂದು ಬರೆದಿಡುವಂತೆ ಕೋಡಿಗೆ ಹೇಳಿದ್ದೆ. ದೊಡ್ಡವ್ವನ ಹೆಸರಿನ ಮುಂದೆಯೂ ಸೇರಿತು ಎಂದೇ ಇತ್ತು. ಎಲ್ಲಿಗೆ ಸೇರಿತು ಎಂದು ಬರೆಯಲು ಹೇಳಿರಲಿಲ್ಲ. ಹಾಗಾಗಿ, ಫೈಲು ಮುಟ್ಟಬೇಡ, ಬರೀ ದಾರಿ ಕಟ್ಟಿ ತೋರಿಸು ಎಂದು ಒಂದು ಸಾಲು ಸೇರಿಸಿ, ಆಕೆಯ ಹೆಸರೊಂದನ್ನೇ ಕೊಟ್ಟು ಓಡಿಸಿದೆ. ಬೇರೆಯವರ ದಾರಿಗಳೆಲ್ಲ ‘/ಬಾನುಲಿ/ತವರು’ ಎಂದು ಶುರುವಾಗುತ್ತಿದ್ದವು. ಇವಳದು ‘/ತಿರ್ಲಾಪುರ’ ಎಂದು ಶುರುವಾಯಿತು. ಬಾನುಲಿಯೂ ಇಲ್ಲ, ತವರೂ ಇಲ್ಲ.

ಜೊತೆಗಾತಿ ಏನು ಬರೆದಿದ್ದಳೋ ನೋಡಿದೆ. ತವರು ಗೊತ್ತಿಲ್ಲ, ಆ ಜಾಗ ಖಾಲಿ ಬಿಡು ಎಂದು ದೊಡ್ಡವ್ವ ಹೇಳಿದ್ದಳು, ಇವಳು ಖಾಲಿ ಬಿಟ್ಟಿದ್ದಳು. ಆದರೆ ರೂಢಿಯಂತೆ ಗೀಟು ಹಾಕಿ ಆಮೇಲೆ ಗಂಡನ ಊರು ಬರೆದಿದ್ದಳು. ಹೀಗಾಗಿ ಆ ಊರಿನ ಹೆಸರು ಗೀಟಿನಿಂದಲೇ ಶುರುವಾಗಿತ್ತು. ಜಾಯಿನ್‌ಗೆ ಒಂದು ನಿಯಮವಿದೆ. ಪುಸ್ತಕದಲ್ಲಿ ನಾನೂ ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಜೋಡಿಸುವ ತುಂಡುಗಳಲ್ಲಿ ಯಾವುದಾದರೂ ಗೀಟಿನಿಂದ ಶುರುವಾದರೆ, ಅದು ಎಲ್ಲಕ್ಕಿಂತ ಮೇಲಿನಿಂದ ಹೊರಟ ಪೂರ್ತಿ ದಾರಿ ಎಂದು ಜಾಯಿನ್ ತಿಳಿಯುತ್ತದೆ. ಆಗ ಅದರ ಹಿಂದೆ ಏನೇನಿತ್ತೋ ಅಷ್ಟನ್ನೂ ಬಿಟ್ಟುಬಿಡುತ್ತದೆ. ತಪ್ಪು ಅನ್ನುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ.

ಮಾಸ್ತರು ಹಿಂದೆ ಬಂದು ನಿಂತಿದ್ದರು. ಅವರಿಗೆ ಪರದೆ ತೋರಿಸಿ, ಇದಕ್ಕೇನಂತೀರಿ ಎಂದು ಕೇಳಿದೆ. ಈ ಸಲ ಅವರು ನಗಲಿಲ್ಲ. “ಲೋಪಸಂಧಿ,” ಅಂದರು. “ಮುಂದಿನದು ಬಂತಂದ್ರ ಹಿಂದಿನದು ಬಿದ್ದ ಹೋಗತೈತಿ. ತವರು, ಊರು. ತವರೂರು. ತವರಿನ ಕೊನೀ ಸ್ವರ ಎಲ್ಲಿ ಹೋತು?” ಹುಡುಗರಿಗೆ ಇದನ್ನೇ ಉದಾಹರಣೆ ಕೊಡುತ್ತಿದ್ದೆ ಎಂದರು. ನಾನೂ ಶಾಲೆಯಲ್ಲಿ ಆ ಪದ ಬಿಡಿಸಿ ಬರೆದವಳೇ. ಅದರಲ್ಲಿ ಏನೋ ಕಳೆದುಹೋಗಿದೆ ಎಂದು ಮಾತ್ರ ಆಗ ಅನ್ನಿಸಿರಲಿಲ್ಲ.

ಕಂಪ್ಯೂಟರಿನಲ್ಲಿ ಆ ಎಲ್ಲಕ್ಕಿಂತ ಮೇಲಿನ ಜಾಗಕ್ಕೆ ರೂಟ್ ಎನ್ನುತ್ತಾರೆ, ಅಂದರೆ ಬೇರು. ಸಾಮಾನ್ಯವಾಗಿ ಅಲ್ಲಿ ಕೈಯಾಡಿಸಲು ಅನುಮತಿ ಸಿಗುವುದಿಲ್ಲ. ಆದರೆ ಧ್ವನಿಯ ಯಂತ್ರ ಪದೇಪದೇ ತಕರಾರು ತೆಗೆಯುತ್ತದೆಂದು ನಾನು ಕೋಡನ್ನು ಎಲ್ಲ ಅಧಿಕಾರ ಕೊಟ್ಟು ಓಡಿಸುತ್ತಿದ್ದೆ. ಹಾಗಾಗಿ ಅದು ಯಾರನ್ನೂ ಕೇಳದೆ ಬೇರಿನಲ್ಲಿಯೇ ಒಂದು ಹೊಸ ಫೋಲ್ಡರು ಮಾಡಿಕೊಂಡಿತ್ತು. ಹೋಗಿ ನೋಡಿದೆ. ಕಂಪ್ಯೂಟರಿನ ಸ್ವಂತ ಫೋಲ್ಡರುಗಳ ಸಾಲಿನಲ್ಲಿ, ಎಲ್ಲ ಇಂಗ್ಲಿಷ್ ಹೆಸರುಗಳ ಕೊನೆಗೆ, ಕನ್ನಡದಲ್ಲಿ ಒಂದೇ ಒಂದು: ತಿರ್ಲಾಪುರ. ಅದರೊಳಗೆ ದೊಡ್ಡವ್ವನ ಹಾಡು ಒಂಟಿಯಾಗಿ ಕೂತಿತ್ತು. ಡಿಸ್ಕ್ ಅಳಿಸಿದ್ದರೆ ಇದೂ ಹೋಗುತ್ತಿತ್ತು, ಹೋದದ್ದು ನನಗೆ ಗೊತ್ತೂ ಆಗುತ್ತಿರಲಿಲ್ಲ.

ಮೂವರೂ ಕೂತು ಕೇಳಿದೆವು. ಕೂಸು ಮಲಗಿಸುವ ಹಾಡು. ‘ಕೆರಿ ದಂಡಿ ಗುಡಿಯಾಗ ದೀಪಾ ಹಚ್ಯಾರ, ನಿಮ್ಮಪ್ಪ ಬರತಾನ, ಬಾಗಲಾ ಹಾಕಬ್ಯಾಡ’ ಎಂದು ಒಂದು ನುಡಿ. ಆಮೇಲೆ ಹಾಡು ನಿಂತಿತು. ಮುಗಿಯಿತೇನೋ ಅಂದುಕೊಳ್ಳುವಷ್ಟರಲ್ಲಿ ದನಿ ಸಣ್ಣದಾಗಿ ಮತ್ತೆ ಎದ್ದಿತು: ‘ಎರಡ ಬಾಂವಿಯ ನೀರ, ಒಂದ ಸವಳ, ಒಂದ ಸೀ, ಸೀ ನೀರ ತರತೀನಿ, ಅಳಬ್ಯಾಡ ನನ ಕೂಸ’. ಜೊತೆಗಾತಿ ಕಣ್ಣೊರೆಸಿಕೊಂಡಳು. ನನಗೆ ನಮ್ಮವ್ವನ ಹಿಟ್ಟಿನ ಕೈ ನೆನಪಾಗಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಫೈಲೇನೋ ಸಿಕ್ಕಿತು, ಈಗ ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆ. ಊರಿನ ಸಾಲನ್ನು ಗೀಟಿನ ಹತ್ತಿರ ಒಡೆದು ಎರಡು ತುಂಡುಗಳನ್ನು ಬೇರೆ ಬೇರೆ ಕೊಟ್ಟರೆ ಜಾಯಿನ್ ಸರಿಯಾಗಿ ಕೆಲಸ ಮಾಡುತ್ತದೆ. ಖಾಲಿ ತುಂಡನ್ನು ಅದು ಸದ್ದಿಲ್ಲದೆ ನುಂಗಿಕೊಂಡು ಮುಂದಿನದನ್ನು ಜೋಡಿಸುತ್ತದೆ. ಆಗ ದೊಡ್ಡವ್ವನ ದಾರಿ ‘/ಬಾನುಲಿ/ತವರು/ತಿರ್ಲಾಪುರ’ ಎಂದಾಗುತ್ತದೆ. ಕೋಡಿನ ಮಟ್ಟಿಗೆ ಏನೂ ದೋಷವಿಲ್ಲ. ಆದರೆ ಓದಿದರೆ ಆಕೆಯ ತವರು ತಿರ್ಲಾಪುರ ಎಂದಾಗುತ್ತದೆ. ಅಲ್ಲಿಯೇ ಬೆಳೆದವಳು, ಸಾಕಿದ ಮನೆ ತವರಲ್ಲವೇ ಎಂದು ಮಾಸ್ತರು ಅಂದರು. ಇರಬಹುದು. ಆದರೆ ಅದನ್ನು ಹೇಳಬೇಕಾದವರು ಮಾಸ್ತರೂ ಅಲ್ಲ, ನಾನೂ ಅಲ್ಲ ಅನ್ನಿಸಿತು. ಮರುದಿನ ಜೊತೆಗಾತಿಯ ಸಂಗಡ ತಿರ್ಲಾಪುರದ ಬಸ್ಸು ಹತ್ತಿದೆ.

ಎರೆ ನೆಲಕ್ಕೆ ಮಳೆ ಬಿದ್ದು ಹಾದಿಯ ಕೆಸರು ಚಪ್ಪಲಿಯನ್ನು ಬಿಡಲೊಲ್ಲದು. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಹೆಸರುಕಾಯಿ ಬಿಡಿಸುತ್ತಿದ್ದಳು. ಫೋನಿನಲ್ಲಿ ಹಾಡು ಹಾಕಿ ಆಕೆಯ ಕೈಗೆ ಕೊಟ್ಟೆ. ಮೊದಲ ನುಡಿಗೆ ತಾನೂ ತುಟಿ ಆಡಿಸಿದಳು. ಎರಡನೇ ನುಡಿ ಬಂದಾಗ ಬಿಡಿಸುತ್ತಿದ್ದ ಕಾಯಿ ಹಾಗೇ ಬೆರಳಲ್ಲಿ ನಿಂತಿತು. ಮತ್ತೊಮ್ಮೆ ಹಾಕು ಅಂದಳು. ಮತ್ತೂ ಒಮ್ಮೆ ಅಂದಳು. ಆಮೇಲೆ ನಾನು ನನ್ನ ತೊಡಕು ಹೇಳಿಕೊಂಡೆ. ಕಂಪ್ಯೂಟರು, ಬೇರು, ಜಾಯಿನ್ ಎಲ್ಲ ಬಿಟ್ಟು, ಇಷ್ಟೇ ಕೇಳಿದೆ: ತವರಿನ ಜಾಗದಲ್ಲಿ ತಿರ್ಲಾಪುರ ಅಂತ ಬರೆಯಲೇ, ಇಲ್ಲಾ ಆ ಗೀಟನ್ನು ತೆಗೆದು ಒಂದೇ ಊರು ಇಡಲೇ?

ಆಕೆ ಸ್ವಲ್ಪ ಹೊತ್ತು ಕಾಯಿ ಬಿಡಿಸಿದಳು. “ಇವ್ರು ಸಾಕ್ಯಾರ, ಅವರ ಹೊಟ್ಟಿ ತಣ್ಣಗಿರ್ಲಿ,” ಅಂದಳು. “ಆದ್ರ ಸುಳ್ಳ ಬರೀಬ್ಯಾಡ. ಖಾಲಿ ಐತಿ, ಖಾಲೀನ ಇರ್ಲಿ. ಗೀಟ ಮಾತ್ರ ತಗೀಬ್ಯಾಡವ್ವಾ. ಗೀಟ ಇದ್ರ ಅದರ ಆಚೀ ಬಾಜು ಏನರ ಇತ್ತಂತ ಗೊತ್ತಾಗತೈತಿ.”

ವಾಪಸು ಕೇಂದ್ರಕ್ಕೆ ಬಂದವಳೇ ಕೋಡನ್ನು ತೆರೆದೆ. ಊರಿನ ಸಾಲನ್ನು ಗೀಟಿನ ಹತ್ತಿರ ಒಡೆಯುವುದು, ತುಂಡುಗಳನ್ನು ಬೇರೆ ಬೇರೆಯಾಗಿ ಜಾಯಿನ್‌ಗೆ ಕೊಡುವುದು, ಕಟ್ಟಿದ ದಾರಿ ‘/ಬಾನುಲಿ/ತವರು’ ಬಿಟ್ಟು ಹೊರಗೆ ಹೋದರೆ ತಕ್ಷಣ ನಿಂತು ಹೇಳುವುದು, ಎಲ್ಲ ಅಧಿಕಾರವನ್ನೂ ಕಿತ್ತುಕೊಳ್ಳುವುದು, ಇವೆಲ್ಲ ಮೊದಲೇ ಮಾಡಬೇಕಾಗಿದ್ದ ಕೆಲಸಗಳು, ಮಾಡಿದೆ. ಕೊನೆಗೆ ಒಂದು ನಿಯಮ ಸೇರಿಸಿದೆ. ಗೀಟಿನ ಹಿಂದಿನ ಜಾಗ ಖಾಲಿ ಇದ್ದರೆ ಆ ದನಿಯನ್ನು ಒಂದು ಊರಿಗೆ ಸೇರಿಸಬೇಡ, ಅದಕ್ಕೆ ಬೇರೆಯೇ ಒಂದು ಜಾಗ ಕೊಡು, ಮತ್ತು ಯಾವ ಊರಿನ ಸರದಿ ಇದ್ದರೂ ಕೊನೆಗೆ ಅದನ್ನೂ ನುಡಿಸು. ತವರು ಗೊತ್ತಿಲ್ಲ ಅಂದರೆ ಯಾವ ಊರಾದರೂ ಆಗಿರಬಹುದಲ್ಲ. ಬರೆದದ್ದನ್ನು ಮಾಸ್ತರಿಗೆ ಓದಿ ಹೇಳಿದೆ, ಅವರು ಇದಕ್ಕೆ ಯಾವ ಸಂಧಿಯ ಹೆಸರನ್ನೂ ಹೇಳಲಿಲ್ಲ.

ಆಮೇಲೆ ಹಾಡನ್ನು ಮೂರು ಕಡೆ ನಕಲು ಮಾಡಿಟ್ಟುಕೊಂಡು ಡಿಸ್ಕ್ ಅಳಿಸಿದೆ.

ಪಂಚಮಿಯ ತನಕ ದಿನಾ ಮಧ್ಯಾಹ್ನ ಎಲ್ಲ ಊರಿನ ಮಾತು ಮುಗಿದ ಮೇಲೆ ದೊಡ್ಡವ್ವನ ಹಾಡು ಬಂತು. ಮಾಸ್ತರು ಪ್ರತಿ ಸಲವೂ, ಎರಡು ಬಾವಿ, ಒಂದು ಸವಳು, ಒಂದು ಸಿಹಿ, ಯಾವ ಊರಿನದೋ ಗೊತ್ತಿದ್ದವರು ಹೇಳಿರಿ ಎಂದು ಕೇಳಿಕೊಳ್ಳುತ್ತಿದ್ದರು. ಫೋನುಗಳು ಬಂದವು. ಅಣ್ಣಿಗೇರಿ ಕಡೆಯ ಒಬ್ಬ ಮುದುಕಿ, ನಮ್ಮೂರಿನಲ್ಲಿ ಅಂಥ ಬಾವಿ ಇದ್ದವು, ಆಕೆ ನಮ್ಮಾಕೆಯೇ ಇರಬೇಕು, ಕರೆದುಕೊಂಡು ಬರ್ರಿ ಅಂದಳು. ಕಲಘಟಗಿಯಿಂದಲೂ ಒಬ್ಬರು ಹಾಗೇ ಅಂದರು. ಆಮೇಲೆ ಇನ್ನೊಂದು ಊರು, ಮತ್ತೊಂದು ಊರು. ಸವಳು ನೀರಿನ ಸೀಮೆ ನಮ್ಮದು, ಸಿಹಿ ನೀರಿನ ಒಂದೇ ಒಂದು ಬಾವಿಯ ಮುಂದೆ ಕೊಡಗಳ ಸಾಲು ನಿಲ್ಲಿಸಿದ ನೆನಪು ಎಲ್ಲ ಊರಿನ ಮುದುಕಿಯರಿಗೂ ಇತ್ತು. ಹತ್ತಿಗೆ ಹೋದ ಗುಂಪಿನಿಂದ ಒಬ್ಬಳು ತಿರುಗಿ ಬರಲಿಲ್ಲ ಎಂಬ ನೆನಪು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಒಂದು ದಿನ ಫೋನು ಎತ್ತಿದರೆ ನಮ್ಮಣ್ಣ. ನನ್ನ ಮೊಬೈಲಿಗೆ ಅಲ್ಲ, ಕೇಂದ್ರದ ಫೋನಿಗೆ. ನನ್ನ ದನಿ ಕೇಳಿ ಅವನಿಗೂ ಗಲಿಬಿಲಿ ಆಯಿತು. “ನಮ್ಮೂರಾಗೂ ಎರಡ ಬಾಂವಿ ಇದ್ದುವಲ್ಲಬೇ,” ಅಂದ. “ಆ ಹೆಣಮಗಳಿಗೆ ಹೇಳು, ಪಂಚಮಿಗೆ ಬಂದ ನೋಡಿ ಹೋಗಲಿ. ಪಾಪ, ಅಕಿಗೆ ಯಾರೂ ಇಲ್ಲಂತ.” ಹೇಳತೀನಿ ಅಂದೆ. ಅವನು ಇನ್ನೇನೋ ಹೇಳುತ್ತಾನೆ ಎಂದು ಕಾದೆ. ಕರಿಬೇವಿನ ಗಿಡದ ಸುದ್ದಿಯನ್ನಾದರೂ ಹೇಳಬಹುದು ಅಂದುಕೊಂಡೆ. ಇಡ್ಲೇನು ಎಂದು ಕೇಳಿ ಇಟ್ಟುಬಿಟ್ಟ. ಅವನು ಕೆಟ್ಟವನಲ್ಲ, ಗುರುತಿಲ್ಲದ ಹೆಂಗಸಿಗೂ ಅವನ ಮನಸ್ಸು ಕರಗುತ್ತದೆ. ನನ್ನದು ಯರಗುಪ್ಪಿ ಎಂದು ಎಲ್ಲರಿಗೂ ಗೊತ್ತಿರುವುದೇ ನನಗೆ ಮುಳುವಾಯಿತೋ ಏನೋ. ಆ ದಿನ ಕೆಲಸದಲ್ಲಿ ನನ್ನ ಮನಸ್ಸಿರಲಿಲ್ಲ.

ಸಂಜೆ ದೊಡ್ಡವ್ವನಿಗೆ ಫೋನು ಮಾಡಿ ಯಾವ ಯಾವ ಊರಿನವರು ಕರೆದಿದ್ದಾರೆ ಎಂದು ಹೇಳಿದೆ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಯರಗುಪ್ಪಿ ಅಂದಾಗ, ಕರೆದವನು ನಮ್ಮಣ್ಣನೇ ಎಂದು ಹೇಳಿಬಿಟ್ಟೆ, ಹೇಳಬಾರದೆಂದು ಅಂದುಕೊಂಡಿದ್ದೆ. ಆಕೆ ಕೂಡಲೇ, ನಿನ್ನನ್ನು ಕರೆದನೇನು ಎಂದು ಕೇಳಿದಳು. ನಾನು ಮುಂದಿನ ಊರಿನ ಹೆಸರು ಹೇಳಿದೆ. ಆಕೆ ಅದಕ್ಕೂ ಹೂಂ ಅಂದಳು.

ಪಂಚಮಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಕಡಕ್ ರೊಟ್ಟಿ, ಪಲ್ಯೆ, ಚಟ್ನಿಗಳನ್ನು ಮನೆಮನೆಗೆ ಹಂಚುವ ದಿನ. ಮಧ್ಯಾಹ್ನದ ಕಾರ್ಯಕ್ರಮ ಮುಗಿಸಿ ವೈರು ಸುತ್ತುತ್ತಿದ್ದಾಗ ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಳು. ಹೊಸ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ. ಹಾಡು ನುಡಿಸುವ ಕಂಪ್ಯೂಟರು ಯಾವುದು ಎಂದು ನೋಡಲು ಬಂದಿರಬೇಕು ಅಂದುಕೊಂಡು ಒಳಗೆ ಕರೆದೆ. ಕೂಡಲಿಲ್ಲ. ಬುತ್ತಿಯನ್ನು ನನ್ನ ಕೈಗೆ ಕೊಟ್ಟಳು. ಒಳಗೆ ರೊಟ್ಟಿ, ಎಳ್ಳಿನ ಉಂಡಿ, ಒಂದು ಜಂಪರ ಖಣ.

“ಕರ್ಯಾಕ ಬಂದೀನಿ,” ಅಂದಳು. “ನನ್ನ ಇಷ್ಟ ಊರು ಕರದ್ವು. ನಿನ್ನ ಒಂದೂ ಕರೀಲಿಲ್ಲ. ನಡಿ, ಹೋಗೂಣು.”

ನಾದಿನಿ ಬರುತ್ತಾಳೆ, ಕೆಲಸ ಬಹಳ ಇದೆ ಎಂದು ಏನೇನೋ ಅಂದೆ. ಮಾಸ್ತರು ಬಂದು ನನ್ನ ಕೈಯಿಂದ ವೈರು ಕಸಿದುಕೊಂಡರು. ಮನೆಗೆ ಫೋನು ಮಾಡಿದರೆ ನಮ್ಮತ್ತೆ, ಕರೆಯಲು ಬಂದವರನ್ನು ನಿಲ್ಲಿಸಿಕೊಂಡು ನನಗೇನು ಕೇಳುತ್ತೀ ಎಂದು ಬೈದರು. ನಾನು ಚೀಲಕ್ಕೆ ಏನು ತುಂಬಿದೆನೋ ನೆನಪಿಲ್ಲ. ಕರೆಸಿಕೊಂಡು ಹೋಗುವುದು ಹೇಗಿರುತ್ತದೆ ಎಂದು ನನ್ನ ಕಾಲಿಗೆ ಮರೆತೇಹೋಗಿತ್ತು, ಬಸ್ ಸ್ಟ್ಯಾಂಡಿನ ತನಕ ಆಕೆಯ ಹಿಂದೆ ಹಿಂದೆ ನಡೆದೆ.

ಬಸ್ಸಿನ ತುಂಬ ತವರಿಗೆ ಹೊರಟವರು. ಹೆಣ್ಣುಮಕ್ಕಳಿಗೆ ಟಿಕೇಟು ಪುಕ್ಕಟೆಯಾದರೂ ಕಂಡಕ್ಟರ್ ಊರು ಕೇಳಲೇಬೇಕು. ತಿರ್ಲಾಪುರ ಎರಡು ಎಂದಳು ದೊಡ್ಡವ್ವ. ಇಬ್ಬರೂ ಅದೇ ಊರಿನವರೇನು ಎಂದು ಅವನು ಮಷೀನಿನ ಗುಂಡಿ ಒತ್ತುತ್ತ ಸುಮ್ಮನೆ ಕೇಳಿದ.

“ನಂದ ಗಂಡನ ಊರು,” ಅಂದಳು ದೊಡ್ಡವ್ವ. “ಇಕೀದು ತವರೂರು.”